ರಾಜೀನಾಮಾ ಎಂದರೆ ಒಪ್ಪಿಗೆ

ಹಮೀದಾ, ನಿಮ್ಮ ಜಾಗ ಕಸಿದುಕೊಂಡವರು ಮೈಸೂರಿನ ಸಾಹೇಬರಲ್ಲ — ನಾನು. ಬಾಯಿ ಮುಚ್ಚಿಕೊಂಡು ಕಸಿದುಕೊಂಡೆ. ಸುಳ್ಳು ಹೇಳಿದ್ದು ಆಮೇಲೆ. ಆ ದಿನ ನಾನು ಹೇಳಿದ್ದು ಒಂದು ಹೆಸರು ಮಾತ್ರ, ಅದೂ ಕೇಳಿದ್ದಕ್ಕೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹೊಸದಾಗಿ ಬಂದ ಜಿಲ್ಲೆಗಳ ಪದವೀಧರರಿಗೆಂದು ಮೈಸೂರು ವಿಶ್ವವಿದ್ಯಾಲಯದವರು ಸಂಶೋಧನಾ ತರಬೇತಿ ಶುರು ಮಾಡಿದ್ದರು. ನಮ್ಮ ಜಿಲ್ಲೆಗೆ ಒಂದೇ ಜಾಗ. ಅದರ ಆಡಳಿತಕ್ಕೆ, ಅಂದರೆ ಆಯ್ಕೆಯ ಓಡಾಟ, ವಸತಿ, ವಿದ್ಯಾರ್ಥಿವೇತನ ಇವನ್ನೆಲ್ಲ ನೋಡಿಕೊಳ್ಳಲು ನನ್ನನ್ನು ತೆಗೆದುಕೊಂಡರು. ನನಗಿಂತ ಹೆಚ್ಚು ಓದಿದವರಿದ್ದರು. ಆದರೆ ನನಗೆ ನಮ್ಮ ಕಚೇರಿಗಳ ಉರ್ದು ಬರುತ್ತಿತ್ತು, ಅವರ ಕಡೆಯ ಕನ್ನಡವೂ ತಿಳಿಯುತ್ತಿತ್ತು. "ಮಾಣಿಕಪ್ಪನವರೇ, ಇಲ್ಲಿಯ ಜನ ಹೇಳೋದು ನಮಗೆ ಸರಿಯಾಗಿ ತಿಳೀಬೇಕು, ನಾವು ಹೇಳೋದು ಅವರಿಗೆ ತಿಳೀಬೇಕು. ನಿಮ್ಮ ಕೆಲಸ ಅದೇ," ಎಂದಿದ್ದರು ನಿರ್ದೇಶಕರು. ನನ್ನ ಕೆಲಸ ಅದೇ ಆಗಿತ್ತು, ಹಮೀದಾ.

ನಿರ್ದೇಶಕರು ಎರಡು ದಿನದ ಮಟ್ಟಿಗೆ ಬೀದರಿಗೆ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಮೊದಲನೇ ದಿನ ನೀವು ಅವರ ಮುಂದೆ ಕುಳಿತು ನಮ್ಮೂರಿನ ನೆಲದಡಿಯ ಸುರಂಗ ಕಾಲುವೆಗಳ ಬಗ್ಗೆ ಮಾತಾಡಿದಿರಿ. ಅರ್ಧ ಕನ್ನಡ, ಅರ್ಧ ಉರ್ದು. ಬಾದಶಹರ ಕಾಲದ ಆ ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿ ಕಾಣೆಯಾಗುತ್ತದೆ ಎಂದು ಕಂಡುಹಿಡಿಯಬೇಕು ಎಂದಿರಿ. ಸಾಹೇಬರು ಕನ್ನಡಕ ತೆಗೆದಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆಯ್ಕೆ ಮಾಡಿದೀನಿ. ಆದರೆ ಹೆಣ್ಣುಮಗಳು, ದೂರದ ಊರು. ಮನೆಯವರ ಮಾತೇನು ಅಂತ ನಾಳೆ ಮಧ್ಯಾಹ್ನದೊಳಗೆ ತಿಳಿಸಲಿ. ಇಲ್ಲಾಂದ್ರೆ ಎರಡನೇ ಹೆಸರಿಗೆ ಹೋಗೋಣ," ಎಂದರು. ನಾನೇ ನಿಮಗೆ ಅದನ್ನು ಉರ್ದುವಿನಲ್ಲಿ ಬಿಡಿಸಿ ಹೇಳಿದೆ, ತರಬೇತಿಗೆ ಹೊರಡುವ ದಿನವನ್ನೂ ತಿಳಿಸಿದೆ. ಅಲ್ಲಿಯವರೆಗೂ ಪ್ರಾಮಾಣಿಕನಾಗಿಯೇ ಇದ್ದೆ.

ಎರಡನೇ ಹೆಸರು ಭಾಲ್ಕಿಯ ಕಾಶಿನಾಥನದು. ಅವನು ನನ್ನ ಹೆಂಡತಿಯ ತಮ್ಮ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಪದವಿ ಮುಗಿಸಿ ಗಾಂಧಿ ಗಂಜಿನ ದಲಾಲರ ಅಂಗಡಿಯೊಂದರಲ್ಲಿ ತೊಗರಿ ಚೀಲ ಎಣಿಸುತ್ತ ಕುಳಿತಿದ್ದ. ಅದೇ ವಿಷಯಕ್ಕೆ ಮನೆಯಲ್ಲಿ ದಿನಾ ಕಿರಿಕಿರಿ. "ಊರ ಮಂದಿಗೆಲ್ಲ ದಾರಿ ತೋರಸ್ತೀರಿ, ನನ್ನ ತಮ್ಮ ನಿಮ್ಮ ಕಣ್ಣಿಗಿ ಕಾಣಂಗಿಲ್ಲೇನ್ರಿ?" ಎನ್ನುತ್ತಿದ್ದಳು ನನ್ನವಳು. ಅವಳ ಮೇಲೆ ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಬಾಯಿ ನನ್ನದು, ಮುಚ್ಚಿಕೊಂಡವನೂ ನಾನು.

ಮರುದಿನ ನೀವು ಬಂದಾಗ ಜೀಪು ಆಗಲೇ ಬಾಗಿಲಲ್ಲಿ ನಿಂತಿತ್ತು. ಓಡಿ ಬಂದಿದ್ದಿರಿ, ಏದುಸಿರು. ನನ್ನ ಕಡೆ ನೋಡದೆ ನೇರ ಸಾಹೇಬರಿಗೇ ಹೇಳಿದಿರಿ — "ಸಾಹೇಬ್ರೇ, ರಾಜೀನಾಮಾ ಆಯ್ತ್ರಿ. ಅಬ್ಬಾನೇ ಕೊಟ್ಟಾರ!"

ನಿಮ್ಮ ಅಬ್ಬಾ ಕೋರ್ಟಿನಲ್ಲಿ ಮುನ್ಷಿ, ಕಾಗದಪತ್ರ ಬರೆಯುವವರು. ಕೋರ್ಟಿನ ಆ ಮಾತು ನಿಮ್ಮ ಮನೆಯೊಳಗೂ ಓಡಾಡುತ್ತಿತ್ತು. ನಮ್ಮ ಕಡೆ ರಾಜೀನಾಮಾ ಎಂದರೆ ಒಪ್ಪಿಗೆ, ಜಗಳ ಬಗೆಹರಿದು ಎರಡೂ ಕಡೆಯವರು ಹೂಂ ಅನ್ನುವುದು. ಕೆಲಸ ಬಿಡುವುದಕ್ಕೆ ನೀವು ಇಸ್ತೀಫಾ ಅನ್ನುವವರು. ಮೈಸೂರಿನವರಿಗೆ ರಾಜೀನಾಮೆ ಎಂದರೆ ಬಿಟ್ಟು ಹೋಗುವುದು, ಅಷ್ಟೇ. ಸಾಹೇಬರ ಮುಖ ಬಾಡಿದ್ದು ನೋಡಿದೆ. ನನಗೆ ತಕ್ಷಣ ತಿಳಿಯಿತು. ತಕ್ಷಣ!

"ಮನೇಲಿ ಎಲ್ಲರೂ ಯೋಚನೆ ಮಾಡಿದೀರಾ, ತಾಯಿ?"

"ಹೌದ್ರಿ. ಎಲ್ಲಾರ ಮುಂದೇ ಆಗ್ಯಾದ."

"ಸರಿ. ನಿಮ್ಮ ರಾಜೀನಾಮೆ ಒಪ್ಪಿಕೊಂಡಿದೀನಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ."

ನೀವು ನಕ್ಕಿರಿ. ಆದಾಬ್ ಮಾಡಿದಿರಿ. ನನಗೂ, "ಬರ್ತೇನ್ರಿ ಅಣ್ಣಾ," ಎಂದು ಹೇಳಿ ಮೆಟ್ಟಿಲಿಳಿದು ಹೋದಿರಿ. ಕೂಗಿ ಕರೆಯಬಹುದಿತ್ತು — ನೀವಿನ್ನೂ ಗೇಟು ದಾಟಿರಲಿಲ್ಲ. "ಸರ್, ಅವರು ಹೇಳಿದ್ದು ಅದಲ್ಲ" — ಇಷ್ಟೇ ಮಾತು. ಅದನ್ನು ಬಿಟ್ಟು ಸಾಹೇಬರ ಪೆಟ್ಟಿಗೆ ಎತ್ತಿ ಜೀಪಿನಲ್ಲಿಟ್ಟೆ.

"ಎಂಥ ಗಟ್ಟಿ ಹುಡುಗಿ ನೋಡಿ," ಎಂದರು ಸಾಹೇಬರು, "ಇಷ್ಟು ದೊಡ್ಡ ಅವಕಾಶ ಬಿಟ್ಟುಕೊಡುವಾಗಲೂ ನಗ್ತಾ ಹೋದಳು. ಎರಡನೇ ಹೆಸರು ಯಾರದು?"

"ಕಾಶಿನಾಥ, ಸರ್. ಭಾಲ್ಕಿ."

ಜೀಪು ಹೊರಟಿತು. ಆಮೇಲೂ ನನಗೆ ದಿನಗಳಿದ್ದವು. ನಿಮ್ಮ ಮನೆ ಗೊತ್ತಿತ್ತು, ಸಾಹೇಬರ ವಿಳಾಸ ಗೊತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ — ಎಂಥ ಹೇಡಿ ನಾನು! ಮನೆಯಲ್ಲಿ ಹೋಳಿಗೆ ಮಾಡಿದ್ದರು. ತಿಂದೆ.

ತರಬೇತಿಗೆ ಹೊರಡುವ ದಿನ ಕಾಶಿನಾಥನನ್ನು ಬಸ್ಸು ಹತ್ತಿಸಲು ಹೋಗಿದ್ದೆ. ನೀವು ಬಂದಿರಿ. ಹಿಂದೆ ಶೇರ್ವಾನಿ ತೊಟ್ಟ ಅಬ್ಬಾ, ಅವರ ತಲೆಯ ಮೇಲೆ ನಿಮ್ಮ ಟ್ರಂಕು. ಕೂಲಿಯವನಿಗೆ ಕೊಟ್ಟಿರಲಿಲ್ಲ, ಮಗಳ ಟ್ರಂಕು ತಾನೇ ಹೊರಬೇಕೆಂದು ಹೊತ್ತಿದ್ದರು. ನಿಮ್ಮ ಕೈಯಲ್ಲಿ ಬುತ್ತಿಯ ಡಬ್ಬಿ. "ಅಣ್ಣಾ, ನನ್ನ ಸೀಟ್ ಎಲ್ಲೈತ್ರಿ?" ಎಂದು ಕೇಳಿದಿರಿ. ನೀವು ಬರುತ್ತೀರೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ...

ಆಗ ಸುಳ್ಳು ಹೇಳಿದೆ. "ಹೆಣ್ಮಕ್ಕಳಿಗಿ ಹಾಸ್ಟೆಲ್ ಇಲ್ಲಂತ ಸಾಹೇಬ್ರು ಮಾತು ಬದಲಿಸ್ಯಾರ ನೋಡ್ರಿ."

"ನನ್ನ ಮುಂದೇ ಒಪ್ಕೊಂಡಾರಲ್ರಿ?"

"ಮೈಸೂರ ಮಂದಿ ಹಂಗೇ ತಂಗೀ. ಮುಂದೊಂದು, ಹಿಂದೊಂದು."

ನಿಮ್ಮ ಅಬ್ಬಾ ಕೆಳಗಿಳಿಸಿದ್ದ ಟ್ರಂಕನ್ನು ಮತ್ತೆ ತಲೆಗೇರಿಸಿಕೊಂಡರು. ಮಗಳನ್ನು ಕಳಿಸಬೇಡ ಎಂದಿದ್ದ ಅಣ್ಣ ತಮ್ಮಂದಿರ ಎದುರು ನಿಂತು ಹೂಂ ಅಂದಿದ್ದ ಮನುಷ್ಯ, ಅದೇ ಓಣಿಯಲ್ಲಿ, ಅದೇ ಟ್ರಂಕು ಹೊತ್ತು ವಾಪಸು ನಡೆದರು. ಕಾಶಿನಾಥ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ, ಕೊನೆಯವರೆಗೂ ಗೊತ್ತಾಗಲಿಲ್ಲ.

ನೀವು ಔರಾದಿನಲ್ಲಿ ಸಾಲಿ ಮಾಸ್ತರಿಣಿಯಾದಿರಿ. ನಾನು ಆ ತರಬೇತಿಯನ್ನು ನಿವೃತ್ತಿಯವರೆಗೂ ನಡೆಸಿದೆ. ಪ್ರತಿ ವರ್ಷ ನಮ್ಮ ಕಡೆಯಿಂದ ಹೊರಟ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮೊದಲು ಹೇಳುತ್ತಿದ್ದುದು ಒಂದೇ — "ಮೈಸೂರಿನ್ಯಾಗ ರಾಜೀನಾಮಾ ಅನಬ್ಯಾಡ್ರಿ, ಒಪ್ಪಿಗಿ ಅನ್ರಿ." ಅವರು ನಗುತ್ತಿದ್ದರು. ಎಷ್ಟು ಕಾಳಜಿ ಈ ಮನುಷ್ಯನಿಗೆ ಎಂದು ಬೀಳ್ಕೊಡುಗೆ ಸಭೆಯಲ್ಲಿ ಅದನ್ನೇ ಹೇಳಿ ಹೊಗಳಿದರು, ಶಾಲು ಹೊದಿಸಿದರು. ಹೊದಿಸಿಕೊಂಡೆ.

ಹೋದ ತಿಂಗಳು ಕಾಶಿನಾಥ ತೀರಿಕೊಂಡ. ಭಾಲ್ಕಿಯ ಮನೆಗೆ ನೀವು ಮಾತಾಡಿಸಲು ಬಂದಿರಿ — ಕೋಲೂರಿಕೊಂಡು, ಔರಾದಿನಿಂದ ಬಸ್ಸಿನಲ್ಲಿ. ಅವನು ನನ್ನವಳ ತಮ್ಮನೆಂಬುದು ಅಷ್ಟರಲ್ಲಿ ನಿಮಗೂ ಗೊತ್ತಾಗಿತ್ತು, ಆದರೂ ನನ್ನ ಮೇಲೆ ಸಂಶಯ ಬಂದಿರಲಿಲ್ಲ. ಅವನು ಚೆನ್ನಾಗಿ ಓದಿ ಮುಂದೆ ಬಂದ ಎಂದು ನನ್ನ ಹೆಂಡತಿಗೆ ಸಮಾಧಾನ ಹೇಳಿದಿರಿ. ಹೊರಡುವಾಗ ನನ್ನ ಪಕ್ಕ ನಿಂತು, "ಅಬ್ಬಾ ಸಾಯೋತನಾ ಅಂತಿದ್ರು ನೋಡ್ರಿ ಅಣ್ಣಾ — ಅವತ್ತು ಬಸ್‌ಸ್ಟ್ಯಾಂಡಿನ್ಯಾಗ ನಮಗ ಖರೇ ಹೇಳಿದಾವ ಮಾಣಿಕಪ್ಪ ಒಬ್ಬನೇ ಅಂತ," ಎಂದಿರಿ.

ಆಗಲೂ ನಾನು ಸುಮ್ಮನಿದ್ದೆ, ಹಮೀದಾ. ನಿಮ್ಮನ್ನು ಬಸ್ಸು ಹತ್ತಿಸಿ, ಕೈ ಮುಗಿದು ಬಂದೆ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಅಬ್ಬಾಗೆ ಹೇಳುವ ಕಾಲವಂತೂ ಮುಗಿದೇ ಹೋಯಿತು. ನಾಳೆ ಮುಂಜಾನೆ ಔರಾದಿನ ಬಸ್ಸು ಹತ್ತುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು, ಮೈಸೂರಿನ ಆ ಸಾಹೇಬರು ಮಾತು ಬದಲಿಸಲಿಲ್ಲ ಎಂದು ಹೇಳುತ್ತೇನೆ. ನಿಮ್ಮ ಅಬ್ಬಾ ಒಪ್ಪಿದ್ದರು, ನೀವು ಒಪ್ಪಿದ್ದಿರಿ, ಅವರೂ ನಿಮ್ಮನ್ನು ಒಪ್ಪಿದ್ದರು. ನಡುವೆ ನಿಂತಿದ್ದವನು ನಾನೊಬ್ಬನೇ.