ವೆಲ್ಮಾಳ ಮನೆಗೆ ಬಂದ ಸಂತಾಪದ ಕಾಗದ

ಗಂಡ ಹೋಬರ್ಟ್‌ನನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ಸೆನೆಟರ್ ರಾಯ್ಸ್ ಟ್ಯಾಕೆಟ್‌ನಿಂದ ಸಂತಾಪದ ಕಾಗದ ಬಂತು. ಅಡುಗೆಮನೆಯಲ್ಲಿ ನಿಂತೇ ಓದತೊಡಗಿದ ವೆಲ್ಮಾ ಎರಡನೆಯ ಸಾಲನ್ನು ಮತ್ತೊಮ್ಮೆ ಓದಿದಳು. ‘ನಿಮ್ಮ ಪತಿಯನ್ನು ಭೇಟಿಯಾಗುವ ಭಾಗ್ಯ ನನಗೆ ದೊರೆಯದಿದ್ದರೂ, ಅವರು ಎಂಥ ಸಜ್ಜನರೆಂಬುದನ್ನು ಬಲ್ಲೆ.’

ಆ ಸಾಲು ಬರೆದವಳು ಅವಳೇ. ಮೂವತ್ತೊಂದು ವರ್ಷ ರಾಯ್ಸ್‌ನ ಕಚೇರಿಯಲ್ಲಿ ಪತ್ರಗಳ ಕೆಲಸ ನೋಡಿಕೊಂಡು ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ಗಣಿಯಲ್ಲೋ ಯುದ್ಧದಲ್ಲೋ ಗಂಡನನ್ನು ಕಳೆದುಕೊಂಡ ಹೆಂಗಸರಿಗೆಂದು ಸಿದ್ಧಮಾಡಿಟ್ಟ ಒಕ್ಕಣೆ ಅದು. ಈಗ ಅದು ತನ್ನ ಹೆಸರು ಹೊತ್ತು ತನ್ನ ಮನೆಗೇ ಬಂದಿತ್ತು.

ಭೇಟಿಯಾಗಿಲ್ಲವಂತೆ! ರಾಯ್ಸ್ ಮೊದಲ ಸಲ ರಾಜ್ಯದ ವಿಧಾನಸಭೆಗೆ ನಿಂತಾಗ ಅವನಿಗೆ ಸ್ವಂತ ಕಾರೂ ಇರಲಿಲ್ಲ. ಗಣಿಯ ಪಾಳಿ ಮುಗಿಸಿ ಬಂದ ಹೋಬರ್ಟ್ ಮುಖದ ಮಸಿಯನ್ನೂ ಪೂರ್ತಿ ತೊಳೆಯದೆ ತನ್ನ ಟ್ರಕ್ಕಿನಲ್ಲಿ ಅವನನ್ನು ಕೂರಿಸಿಕೊಂಡು ಕಣಿವೆ ಕಣಿವೆ ಸುತ್ತಿಸಿದ್ದ. “ಈ ಹುಡುಗ ವಕೀಲ, ಆದ್ರೂ ಒಳ್ಳೇವ್ನು, ಓಟು ಹಾಕ್ರಪ್ಪ” ಎಂದು ಹೋಬರ್ಟ್ ಹೇಳಿದರೆ ಗಣಿಯವರು ನಗುತ್ತಿದ್ದರು, ಒಪ್ಪುತ್ತಿದ್ದರು. ಸಂಜೆ ಇಬ್ಬರೂ ಇದೇ ಮೇಜಿಗೆ ಬಂದು ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಾರಿಸುತ್ತಿದ್ದರು. ರಾಯ್ಸ್ ಗೆದ್ದದ್ದು ಇನ್ನೂರ ಹನ್ನೆರಡು ಓಟುಗಳಿಂದ. ಆಮೇಲೆ ಅವನು ಹಿಂತಿರುಗಿ ನೋಡಲಿಲ್ಲ. ರಾಜ್ಯದ ಮೇಲ್ಮನೆ, ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಹತ್ತು ವರ್ಷ, ಅಲ್ಲಿಂದ ಸೆನೆಟ್.

ಪ್ರತಿ ಚುನಾವಣೆಯ ಪ್ರಚಾರವೂ ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಶುರುವಾಗುತ್ತಿತ್ತು. ಅವನನ್ನು ಜನರಿಗೆ ಪರಿಚಯಿಸುವವಳು ವೆಲ್ಮಾ. ಈ ಶನಿವಾರವೂ ಅವಳೇ ಮಾತಾಡಬೇಕಿತ್ತು. ಹೋಬರ್ಟ್ ಸತ್ತ ದುಃಖದಲ್ಲೂ ಅವಳು ಒಲ್ಲೆ ಎಂದಿರಲಿಲ್ಲ.

ಅಷ್ಟರಲ್ಲಿ ಹೋಬರ್ಟ್‌ನ ಅಕ್ಕ ಓಪಲ್ ಊಟದ ಪಾತ್ರೆ ಹಿಡಿದು ಒಳಗೆ ಬಂದಳು. ಕಾಗದ ಓದಿ ಅವಳ ಕಣ್ಣೂ ಅಗಲವಾಯಿತು.

“ಇವನಿಗೇನು ತಲೆ ಕೆಟ್ಟಿದ್ಯಾ? ನನ್ನ ತಮ್ಮನ ಮದ್ವೆ ಕೋಟನ್ನೇ ಹಾಕ್ಕೊಂಡು ಪ್ರಮಾಣವಚನ ತಗೊಂಡೋನು ಇವ್ನು!”

“ಇದು ಅವನು ಕಳಿಸಿದ್ದಲ್ಲ, ಓಪಲ್. ಯಾರೋ ಹೊಸ ಹುಡ್ಗೀರು ಹೆಸ್ರು ತುಂಬಿ ಅಂಚೆಗೆ ಹಾಕಿರ್ತಾರೆ.”

“ಹಾಗಂತ ನೀನು ಹೇಳ್ತಿದೀಯ.”

“ತಾಳು. ಈಗ್ಲೇ ಗೊತ್ತಾಗತ್ತೆ.”

ಆ ಕಚೇರಿಯಲ್ಲಿ ಎರಡು ಬಗೆಯ ಸಹಿ ಇದ್ದವು. ಗುಮಾಸ್ತರೇ ಕಳಿಸುವ ಕಾಗದಕ್ಕೆ ಅಚ್ಚಿನ ಸಹಿ. ರಾಯ್ಸ್ ಓದಿ ಒಪ್ಪಿದ್ದಕ್ಕೆ ಮಾತ್ರ ಅವನ ಶಾಯಿಪೆನ್ನಿನ ಸಹಿ. ಓದದೆ ಪೆನ್ನು ಮುಟ್ಟುವವನಲ್ಲ ಅವನು, ಅದೊಂದು ಜಂಬ ಅವನಿಗೆ. ಊರಿನ ಹೆಂಗಸರಿಗೂ ಇದು ಗೊತ್ತು. ಬೆರಳಿಗೆ ಎಂಜಲು ಹಚ್ಚಿ ಸಹಿ ಉಜ್ಜಿ ನೋಡುತ್ತಿದ್ದರು. ಶಾಯಿ ಹರಡಿದರೆ ಅದು ಅವನ ಕೈಯದೇ ಎಂದು ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಶಾಯಿ ಹರಡದಿರಲಿ ಎಂದು ಬೇಡಿಕೊಂಡವರು ಇಷ್ಟು ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ.

ವೆಲ್ಮಾ ಬೇಡಿಕೊಂಡಳು. ಅಚ್ಚಿನದಾದರೆ ಶನಿವಾರ ಹಾಲ್‌ಗೆ ಹೋಗಿ, ಅವನಿಗೆ ಸರಿಯಾಗಿ ಬೈದು, ಆಮೇಲೆ ಅವನ ಪರವಾಗಿ ಮಾತಾಡಬಹುದು. ಬೆರಳು ಒದ್ದೆ ಮಾಡಿ ಸಹಿಯ ಮೇಲೆ ಎಳೆದಳು.

ನೀಲಿ ಶಾಯಿ ಕಾಗದದ ಅಂಚಿನವರೆಗೂ ಹರಡಿತು.

ಓಪಲ್ ಕುರ್ಚಿ ಎಳೆದು ಕುಳಿತಳು. “ವಯಸ್ಸಾಯ್ತಲ್ಲೇ ಅವನಿಗೂ. ಮರ್ತಿರ್ತಾನೆ.”

“ನನ್ನ ಹೆಸ್ರಿದೆ ಇದ್ರಲ್ಲಿ. ಓದಿದಾನೆ. ಓದಿ ಸಹಿ ಹಾಕಿದಾನೆ.” ವೆಲ್ಮಾ ಕಾಗದವನ್ನು ಮೇಜಿನ ಮೇಲಿಟ್ಟಳು. ಬೆರಳನ್ನು ಏಪ್ರನ್‌ಗೆ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಕಚೇರಿಗೆ ಫೋನ್ ಮಾಡಿದಳು.

“ಶನಿವಾರ ನಾನು ಮಾತಾಡಲ್ಲಮ್ಮ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಅತ್ತಲಿನ ಹುಡುಗಿ ಗಾಬರಿಬಿದ್ದಳು. “ಯಾಕೆ ಮೇಡಂ? ನಿಮ್ಮಷ್ಟು ಚೆನ್ನಾಗಿ ಸೆನೆಟರ್ ಬಗ್ಗೆ ಇನ್ಯಾರಿಗೆ ಗೊತ್ತು?”

ವೆಲ್ಮಾ ಬೆರಳಿಗೆ ಇನ್ನೂ ಅಂಟಿದ್ದ ನೀಲಿ ಶಾಯಿಯನ್ನು ನೋಡಿದಳು.

“ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮಾ,” ಎಂದಳು. “ಅವನು ಯಾರು ಅಂತ್ಲೇ ನಂಗೊತ್ತಿಲ್ಲ.”