ಬೇಗ ಬರಿದಾಗುವ ಕುಂಕುಮದ ಭರಣಿ

ಶಿಕಾರಿಪುರದ ನಮ್ಮ ಮನೆಯ ಕುಂಕುಮದ ಭರಣಿ ಈಚೆಗೆ ಬಹಳ ಬೇಗ ಬರಿದಾಗುತ್ತಿದೆ. ಇದೂ ಬರೆಯುವ ವಿಷಯವೇ ಎಂದು ನೀವು ಕೇಳಬಹುದು; ಸಾರಿಗೆ ಎರಡು ಸಲ ಉಪ್ಪು ಹಾಕಿ, ತಪ್ಪು ಉಪ್ಪಿನದೇ ಎಂದು ಸಾಧಿಸುವ ನನ್ನಂಥವಳಿಗೆ ಇದಕ್ಕಿಂತ ಘನವಾದ ವಿಷಯ ಎಲ್ಲಿಂದ ಬರಬೇಕು?

ಬರಿದು ಮಾಡುವವರು ನಮ್ಮ ಅತ್ತೆ. ಮರೆವು ವಿಪರೀತವಾದಾಗ ಶಿವಮೊಗ್ಗಕ್ಕೆ ಕರೆದೊಯ್ದಿದ್ದೆವು. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಮಿದುಳಿನಲ್ಲಿ ಹೊಸ ನೆನಪು ಕಟ್ಟಿಡುವ ಭಾಗ ಕುಗ್ಗಿದೆ, ಈಚಿನದು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ ಎಂದು ತಿಳಿಹೇಳಿದರು. ಅವರ ಬೆರಳು ತೋರಿಸಿದ ಆ ಪುಟ್ಟ ಜಾಗದಲ್ಲಿ ನಾನು ಯಾವ ಮೂಲೆಯಲ್ಲಿದ್ದೆನೋ ಎಂದು ಪೆದ್ದಿಯಂತೆ ಹುಡುಕಿದೆ.

ನನ್ನ ಮುಖ ಅಳಿದಿತ್ತು. ಅತ್ತೆಯ ತವರೂರು ಕುಬಟೂರಿನ ದೇವಸ್ಥಾನದ ಕಂಬಗಳು ಮಾತ್ರ ಅವರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದ್ದವು. ಕೆಲವು ವರ್ಷಗಳ ಹಿಂದೆ ಮಾವ ತೀರಿಕೊಂಡದ್ದೂ ಅಳಿದಿತ್ತು. ಅತ್ತೆಯ ಪಾಲಿಗೆ ಅವರು ಆನವಟ್ಟಿ ಸಂತೆಗೆ ಹೋಗಿದ್ದಾರೆ, ಬಸ್ಸು ತಡ, ಅಷ್ಟೆ. ಮೊದಮೊದಲು ನಿಜ ಹೇಳಿ ಹೇಳಿ ಪ್ರತಿಸಲವೂ ಅವರನ್ನು ಹೊಸದಾಗಿ ಗೋಳಾಡಿಸಿದೆವು. ಆಮೇಲೆ ನಾವೂ ಬಸ್ಸನ್ನೇ ಬೈಯಲು ಕಲಿತೆವು.

ಹೀಗಾಗಿ ದಿನಾ ಸಂಜೆ ನಾನು ಅವರಿಗೆ ಯಾರೋ ನೆಂಟರ ಮನೆಯ ಹೆಂಗಸು.

"ಕತ್ಲಾಗೋಕೆ ಮುಂಚೆ ಊರು ಸೇರ್ಕೊಳ್ರೀ. ನಮ್ ಸೊಸೆ ಇದ್ದಿದ್ರೆ ಕಾಫಿ ಕೊಡ್ತಿದ್ಲು. ಒಳ್ಳೇಳು, ಬಾಯೊಂದು ಸ್ವಲ್ಪ ಜಾಸ್ತಿ," ಎನ್ನುತ್ತಾ ನನ್ನ ಹಣೆ ತುಂಬ ಕುಂಕುಮ ಇಡುತ್ತಾರೆ. ಸೊಸೆಯಾಗಿ ಇಷ್ಟು ವರ್ಷ ದುಡಿದರೂ ದಕ್ಕದ ಬಹುವಚನ, ನೆಂಟರವಳಾದೊಡನೆ ಸಲೀಸಾಗಿ ದಕ್ಕಿತು ನೋಡಿ.

ಹೋದ ಶುಕ್ರವಾರ ಅತ್ತೆ ಭರಣಿಯನ್ನು ನನ್ನ ಕೈಗೇ ಕೊಟ್ಟು ಹಣೆ ಮುಂದೊಡ್ಡಿದರು. ಬಂದ ಮುತ್ತೈದೆ ಮನೆಯ ಮುತ್ತೈದೆಗೂ ತಿರುಗಿ ಇಡುವುದು ಪದ್ಧತಿ.

"ನಂಗೂ ಇಡ್ರೀ. ನಮ್ಮನೆಯವ್ರು ಬರೋ ಹೊತ್ತು. ಬರೀ ಹಣೇಲಿದ್ರೆ ಬೇಜಾರ್ ಮಾಡ್ಕೊಳ್ತಾರೆ."

ಮಾವ ಹೋದಾಗ ಆ ಹಣೆಯ ಕುಂಕುಮ ಒರೆಸುವಾಗ ಅತ್ತೆಯ ಕೈ ಹಿಡಿದು ಕೂತವಳು ನಾನೇ. ವ್ರತ, ನೇಮ ಒಂದನ್ನೂ ಬಿಡದ ನನ್ನ ಬೆರಳು ಭರಣಿಯಲ್ಲೇ ನಿಂತಿತು. ದೇವರ ಮುಂದೆ ದೀಪ ಉರಿಯುತ್ತಿತ್ತು. ಕಿಟಕಿಯಾಚೆ ಪಕ್ಕದ ಮನೆಯವರ ಮಾತು ಕೇಳಿಸುತ್ತಿತ್ತು. ಅತ್ತೆ ಕಣ್ಣು ಮುಚ್ಚಿ, ಎಣ್ಣೆ ಹಚ್ಚಿಸಿಕೊಳ್ಳುವ ಮಗುವಿನ ಹಾಗೆ ಕಾಯುತ್ತಿದ್ದರು.

ಇಟ್ಟೆ.

ಅವರು ಕನ್ನಡಿ ನೋಡಿಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕುಳಿತರು. ನೆನಪನ್ನು ಒಯ್ದ ದೇವರು ಆ ಸಾವನ್ನೂ ಜೊತೆಗೇ ಒಯ್ದನಲ್ಲ, ಅಷ್ಟು ದಯೆ ತೋರಿದ್ದಾನೆ ಎಂದುಕೊಂಡು ನಾನು ದೀಪಕ್ಕೆ ಎಣ್ಣೆ ಹಾಕಿದೆ.

ನಿನ್ನೆ ಅಂಗಡಿಯವರು, ಇಷ್ಟೊಂದು ಕುಂಕುಮ ಯಾಕಮ್ಮಾ, ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು. ದಿನಾ ನೆಂಟರು ಬರುತ್ತಾರೆ ಎಂದೆ. ಭರಣಿ ಈಗ ಮೊದಲಿಗಿಂತಲೂ ಬೇಗ ಬರಿದಾಗುತ್ತಿದೆ. ಎರಡು ಹಣೆಗೆ ಬೇಕಲ್ಲ.