ಸಂಡಿಗೆಗೆ ಬೇಕಾದ ಇಂಗ್ಲಿಷ್

ನಮ್ಮ ಕಟ್ಟಡದ ತಾರಸಿಗೆ ಬೀಗ ಹಾಕಿದ್ದರ ನಷ್ಟವನ್ನು ಹೊತ್ತವರು ನಮ್ಮ ಅತ್ತಿಗೆ. ಹೋದ ಬೇಸಿಗೆಯಲ್ಲಿ ಅವರು ಒತ್ತಿದ ಅಕ್ಕಿ ಸಂಡಿಗೆ ಬಾಲ್ಕನಿಯ ಅರೆಬಿಸಿಲಿನಲ್ಲಿ ಒಣಗದೆ ಬೂಷ್ಟು ಹಿಡಿಯಿತು. ಅಷ್ಟನ್ನೂ ಅವರೇ, ಯಾರಿಗೂ ಹೇಳದೆ, ಹಸಿಕಸದ ಬುಟ್ಟಿಗೆ ಸುರಿದರು. ಎರಡನೆಯ ಸಾಲಿನ ಸಂತ್ರಸ್ತರು, ಆ ಸಂಡಿಗೆಯನ್ನು ವರ್ಷವಿಡೀ ಸಾರನ್ನದ ಪಕ್ಕದಲ್ಲಿ ಕಂಡು ರೂಢಿಯಾಗಿದ್ದ ನಾವು. ಬೀಗ ಹಾಕಿದವರಿಗೆ ಏನೂ ಆಗಲಿಲ್ಲ. ಅನ್ಯಾಯದ ಲಕ್ಷಣವೇ ಅದು.

ಅನ್ಯಾಯವನ್ನು ಕಂಡಲ್ಲಿ ಹೆಸರಿಟ್ಟು ಹೇಳಬೇಕೆಂದು ನಾನು ಓದಿದ ಶಾಲೆಯಲ್ಲಿ ಕಲಿಸಿದ್ದರು. ಅಲ್ಲಿ ಗಂಟೆ ಇರಲಿಲ್ಲ, ಬೆತ್ತ ಇರಲಿಲ್ಲ. ಮರದ ಕೆಳಗೆ ದುಂಡಗೆ ಕುಳಿತು ಎಲ್ಲವನ್ನೂ ಪ್ರಶ್ನಿಸುತ್ತಿದ್ದೆವು. ಅದರ ಪರಿಣಾಮವಾಗಿ, ಬಸವನಗುಡಿಯ ಪಾದಚಾರಿ ಮಾರ್ಗವನ್ನು ನುಂಗಿದ ಕಾರುಗಳಿಂದ ಹಿಡಿದು ಮದುವೆಮನೆಯ ಕಡೆಯ ಪಂಕ್ತಿಗೆ ಬಂದ ತಣ್ಣನೆಯ ಹೋಳಿಗೆಯವರೆಗೆ ನಾನು ಹೆಸರಿಡದ ಅನ್ಯಾಯ ಕಡಿಮೆ. ಈಗ ನೆಂಟರು ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿಬಿಡುತ್ತಾರೆ. ಹೋರಾಟಗಳು ವ್ಯರ್ಥವಾಗುವುದಿಲ್ಲ.

ಚಾಮರಾಜಪೇಟೆಯ ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆಗಳಿವೆ. ಅತ್ತಿಗೆ, ಎಂದರೆ ನಮ್ಮಣ್ಣನ ಹೆಂಡತಿ ಶಾರದಮ್ಮ, ಎರಡನೆಯ ಮಹಡಿಯಲ್ಲಿದ್ದಾರೆ; ನನ್ನದು ಅವರ ಎದುರುಬಾಗಿಲು. ತಾರಸಿಗೆ ನೀರು ಸೋರದ ಹಾಗೆ ಹೊಸ ಲೇಪನ ಹಾಕಿಸಿದ ನಿವಾಸಿಗಳ ಸಂಘವು ಅದರ ಬಾಗಿಲಿಗೆ ಬೀಗವನ್ನೂ, ಬೀಗದ ಮೇಲೆ ‘ಕೀಪ್ ಕ್ಲಿಯರ್, ಸ್ಟೇ ಸೇಫ್’ ಎಂಬ ಇಂಗ್ಲಿಷ್ ಫಲಕವನ್ನೂ ತೂಗುಹಾಕಿತು. ಆ ತೀರ್ಮಾನವಾದ ದಿನ ನಾನು ಮಲ್ಲೇಶ್ವರದಲ್ಲಿ ಮರ ಉಳಿಸುವ ಮೆರವಣಿಗೆಯಲ್ಲಿದ್ದೆ. ಅತ್ತಿಗೆ ಸಭೆಯಲ್ಲಿದ್ದರು. ಸಂಘದ ಎಲ್ಲ ಸಭೆಗಳಂತೆ ಅದೂ ಇಂಗ್ಲಿಷಿನಲ್ಲಿ ನಡೆಯಿತು. ಎಲ್ಲರೂ ಕೈಯೆತ್ತಿದಾಗ ಅವರೂ ಎತ್ತಿದರು.

“ಕಾಫಿ ಯಾರ್ಯಾರಿಗೆ ಅಂತ ಕೇಳ್ತಿದಾರೆ ಅಂದ್ಕೊಂಡೆ ಕಣೇ” ಎಂದರು ನನಗೆ.

ಈ ವರ್ಷ ಚಳಿ ಹಿಂದೆಗೆದು ಬಿಸಿಲಿಗೆ ಮೊನಚು ಬರುತ್ತಿದ್ದಂತೆ ಅತ್ತಿಗೆ ಅಟ್ಟದಿಂದ ಹಿತ್ತಾಳೆಯ ಸಂಡಿಗೆ ಒರಳನ್ನು ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ, ಬೆಳಗಿಸಿ, ಎದುರಿಗಿಟ್ಟುಕೊಂಡು ಕುಳಿತರು. ಅದು ಅವರ ಅತ್ತೆಯದು, ಎಂದರೆ ನನ್ನ ಅಮ್ಮನದು.

“ಈ ಸಲವೂ ಬಿಸಿಲು ಸಿಗ್ಲಿಲ್ಲ ಅಂದ್ರೆ ಇದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ಎಲ್ಲರೂ ಅಂಗಡಿ ಸಂಡಿಗೆ ತಿನ್ನಿ, ಹಾಯಾಗಿರಿ.”

ಅತ್ತಿಗೆ ಹೆದರಿಸುವ ಜಾತಿಯವರಲ್ಲ, ಹೇಳಿದ್ದನ್ನು ಮಾಡುವವರು. ಆದ್ದರಿಂದ, ಮುಂದಿನ ಸಭೆಯಲ್ಲಿ ಅವರೇ ಎದ್ದು ನಿಂತು ಇಂಗ್ಲಿಷಿನಲ್ಲಿ ತಾರಸಿಯನ್ನು ಕೇಳಬೇಕೆಂದೂ ಆ ಇಂಗ್ಲಿಷನ್ನು ನಾನು ಕಲಿಸಬೇಕೆಂದೂ ನಿಶ್ಚಯವಾಯಿತು. ಅವರ ಪರವಾಗಿ ನಾನೇ ಮಾತನಾಡುವುದು ನನ್ನ ತತ್ತ್ವಕ್ಕೆ ವಿರುದ್ಧ.

ಮೊದಲ ಪಾಠದಲ್ಲೇ ನಾವು ಎಡವಿದೆವು. ಇಂಗ್ಲಿಷಿನಲ್ಲಿ ಗುಣವಾಚಕಗಳು ಒಂಟಿಯಾಗಿ ಪೇಟೆಗೆ ಹೋಗುವುದಿಲ್ಲ. ಯಾವುದಾದರೊಂದು ಕ್ರಿಯಾಪದದ ಕೈ ಹಿಡಿದೇ ಹೊರಡುತ್ತವೆ. ಯಾರಿಗೆ ಯಾರು ಜೋಡಿ ಎಂದು ಜಾತಕ ಕೂಡಿಸಿದ ಜೋಯಿಸರು ಯಾರೋ ತಿಳಿಯದು. ಹಾಲು ‘ಗೋಸ್ ಬ್ಯಾಡ್’. ಮನುಷ್ಯ ‘ಗೋಸ್ ಮ್ಯಾಡ್’. ಲೆಕ್ಕ ‘ಗೋಸ್ ರಾಂಗ್’. ಕನಸು ಮಾತ್ರ ‘ಕಮ್ಸ್ ಟ್ರೂ’.

“ಹಾಲು ಎಲ್ಲಿಗೆ ಹೋಯ್ತೇ? ಪಾತ್ರೆಯಲ್ಲೇ ಇದೆಯಲ್ಲ” ಎಂದರು ಅತ್ತಿಗೆ.

“ಹೋಗಲ್ಲ ಅತ್ತಿಗೆ, ಕೆಡುತ್ತೆ. ಅವರು ಹಾಗನ್ನೋದು.”

“ಹಂಗಾದ್ರೆ ‘ಕಮ್ ಬ್ಯಾಡ್’ ಅನ್ನಲಿ. ಹಿಟ್ಟು ಹುಳಿ ಬಂತು ಅಂತೀವಲ್ಲ ನಾವು.”

ಉತ್ತರವಿಲ್ಲದ ಕಡೆ ನಾನು ಅನ್ಯಾಯವನ್ನು ಹುಡುಕುತ್ತೇನೆ, ಇಲ್ಲಿ ಅದು ಧಾರಾಳವಾಗಿತ್ತು. ಕೆಡುವುದು, ಕುರುಡಾಗುವುದು, ದಿವಾಳಿಯಾಗುವುದು, ತಲೆ ಬೋಳಾಗುವುದು, ಎಲ್ಲ ಹೀನಾಯ ದುಡಿಮೆಯನ್ನೂ ಪಾಪದ ‘ಗೋ’ ಒಂದರ ಬೆನ್ನಿಗೆ ಹೇರಿದ್ದಾರೆ. ‘ಕಮ್’ ಹಾರ ಹಾಕಿಸಿಕೊಳ್ಳುವ ಹೊತ್ತಿಗೆ ವೇದಿಕೆಗೆ ಬರುತ್ತದೆ. ‘ಟರ್ನ್’ ಎಲೆಯನ್ನು ಹಳದಿ ಮಾಡುತ್ತದೆ, ಮುಖವನ್ನು ಕೆಂಪು ಮಾಡುತ್ತದೆ. ಬಣ್ಣದ ಗುತ್ತಿಗೆ ಅದಕ್ಕೆ. ನಲ್ಲಿ ಬತ್ತಿದರೆ ‘ರನ್ಸ್ ಡ್ರೈ’, ಅಂದರೆ ನೀರು ಓಡುವುದನ್ನು ನಿಲ್ಲಿಸಿದ ಮೇಲೆ ನಲ್ಲಿಯನ್ನು ಓಡಿಸುವ ಭಾಷೆ ಅದು. ಅವರಿಗೆ ನಿದ್ದೆಯೂ ಮೌನವೂ ಬೀಳುವ ಹೊಂಡಗಳು: ‘ಫಾಲ್ ಅಸ್ಲೀಪ್’, ‘ಫಾಲ್ ಸೈಲೆಂಟ್’. ಕಾಯಿಲೆಯೂ ಹಾಗೆಯೇ ಎಂದು ನಾನು ಖಂಡಿಸಹೊರಟಾಗ ಅತ್ತಿಗೆ ತಡೆದು, “ಕಾಯಿಲೆ ನಾವೂ ಬೀಳ್ತೀವಲ್ಲೇ, ಅವರನ್ನೊಬ್ಬರನ್ನೇ ಯಾಕೆ ಬೈತೀಯ?” ಎಂದರು. ನ್ಯಾಯವಾದ ಮಾತು. ಆ ಒಂದು ಆರೋಪವನ್ನು ಹಿಂತೆಗೆದುಕೊಂಡೆ.

ನಮ್ಮ ಭಾಷೆ ಈ ವಿಷಯದಲ್ಲಿ ಎಷ್ಟು ಚೊಕ್ಕ. ಅನ್ನ ಹಳಸುತ್ತದೆ, ಬಾವಿ ಬತ್ತುತ್ತದೆ, ಕೂದಲು ನೆರೆಯುತ್ತದೆ, ಹಣ್ಣು ಮಾಗುತ್ತದೆ. ಗುಣವನ್ನೂ ಕ್ರಿಯೆಯನ್ನೂ ಒಂದೇ ಕಲ್ಲಿನಲ್ಲಿ ನುಣ್ಣಗೆ ರುಬ್ಬಿಟ್ಟಿದ್ದಾರೆ ಹಿಂದಿನವರು. ಹಾಗೆ ರುಬ್ಬಲಾಗದ್ದಕ್ಕೆಲ್ಲ ‘ಆಗು’ ಇದೆ. ಅದು ನಮ್ಮೂರಿನ ಸಿಟಿ ಬಸ್ಸಿನಂತೆ, ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ. ಬೆಂಗಳೂರಿಗರು ಇಂಗ್ಲಿಷಿನ ಅರ್ಧ ನಿಘಂಟನ್ನೇ ಅದಕ್ಕೆ ಹತ್ತಿಸಿದ್ದಾರೆ. ಬಿಜಿ ಆದೆ, ಫ್ರೀ ಆದೆ, ಟಯರ್ಡ್ ಆದೆ, ಅವರು ಅಪ್‌ಸೆಟ್ ಆದರು. ಯಾವ ಪದಕ್ಕೂ ‘ಆಗು’ ಜಾತಕ ಕೇಳಿದ್ದನ್ನು ನಾನು ಕಾಣೆ. ಇಷ್ಟು ಸಮತಾವಾದಿಯಾದ ಕ್ರಿಯಾಪದ ಮನೆಯಲ್ಲೇ ಇರುವಾಗ ನಾನು ಮೆರವಣಿಗೆಗಳಲ್ಲಿ ಸಮಾನತೆಯನ್ನು ಹುಡುಕುತ್ತಿದ್ದೆ.

ಅಂತೂ ಅತ್ತಿಗೆ ಮೂರು ವಾಕ್ಯಗಳನ್ನು ಗಟ್ಟಿಮಾಡಿದರು. ‘ಸಂಡಿಗೆ ಮಸ್ಟ್ ಗೆಟ್ ಡ್ರೈ. ವಿದೌಟ್ ಸನ್ ಇಟ್ ವಿಲ್ ಗೋ ಬ್ಯಾಡ್. ಪ್ಲೀಸ್ ಕೀಪ್ ದಿ ಟೆರೇಸ್ ಓಪನ್.’ ಒಗ್ಗರಣೆ ಚಟಪಟ ಎನ್ನುವಾಗಲೂ ಅವರ ತುಟಿ ‘ಗೆಟ್ ಡ್ರೈ’ ಎನ್ನುತ್ತಿತ್ತು.

ಭಾನುವಾರ ಬೆಳಗ್ಗೆ ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ಸಭೆ ಸೇರಿತು. ಸಂಘದ ಕಾರ್ಯದರ್ಶಿಗಳು ನಿವೃತ್ತ ಎಂಜಿನಿಯರು, ಸಜ್ಜನರು, ಲೇಪನದ ವಿಷಯದಲ್ಲಿ ಮಾತ್ರ ಕಠಿಣರು. ಅತ್ತಿಗೆ ಸೆರಗು ಸರಿಪಡಿಸಿಕೊಂಡು ಎದ್ದು ಮೂರು ವಾಕ್ಯಗಳನ್ನೂ ತಪ್ಪಿಲ್ಲದೆ ಹೇಳಿದರು. ನನಗೆ ರೋಮಾಂಚನವಾಯಿತು. ಆದರೆ ಕಾರ್ಯದರ್ಶಿಗಳು ಸುದೀರ್ಘವಾದ ಇಂಗ್ಲಿಷಿನಲ್ಲಿ ಉತ್ತರಿಸಿದರು, ಅತ್ತಿಗೆಯ ಬಳಿ ನಾಲ್ಕನೆಯ ವಾಕ್ಯವಿರಲಿಲ್ಲ. ಅವರು ಮೌನದೊಳಕ್ಕೆ ನಿಜವಾಗಿಯೂ ಬಿದ್ದರು. ನಾನು ತತ್ತ್ವವನ್ನು ಬದಿಗಿಟ್ಟು ಏಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಧ್ವನಿ ಬಂತು.

“ಅಮ್ಮ, ನೀವು ಕನ್ನಡದಲ್ಲೇ ಹೇಳಿ. ನಂಗೂ ಅರ್ಥ ಆಗ್ಲಿ.”

ಮೂರನೆಯ ಮಹಡಿಯ ಕಾಂತಿಲಾಲ್, ಕಾಟನ್‌ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿಯವರು. ಕಾರ್ಯದರ್ಶಿಗಳು ಗಲಿಬಿಲಿಗೊಂಡರು.

“ಸೇಟ್ ಜೀ, ನಿಮಗೋಸ್ಕರ ತಾನೇ ನಾವು ಇಂಗ್ಲಿಷಲ್ಲಿ ನಡೆಸ್ತಿರೋದು?”

“ನನಗೋಸ್ಕರಾನಾ? ಸ್ವಾಮಿ, ನಾನು ಹುಟ್ಟಿದ್ದು ಇಲ್ಲೇ, ಈ ಹಿಂದಿನ ರಸ್ತೇಲಿ. ಬೆಳಗಿಂದ ಸಾಯಂಕಾಲದವರೆಗೂ ಕನ್ನಡದಲ್ಲೇ ವ್ಯಾಪಾರ. ನಿಮಗೆಲ್ಲ ಇಂಗ್ಲಿಷೇ ಬೇಕು ಅಂತ ಮಗಳ ಹತ್ರ ಪಾಠ ಹೇಳಿಸ್ಕೊಂಡು ಬರ್ತಿದೀನಿ.”

ಅತ್ತಿಗೆಗೆ ಜೀವ ಬಂತು. “ನಿಮಗೂ ‘ಗೋ ಬ್ಯಾಡ್’ ಹೇಳಿಕೊಟ್ಟಳಾ?”

“ಕೊಟ್ಟಳಮ್ಮ. ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ದಕ್ಕೆ ಬೈದಳು.”

ಹನ್ನೆರಡು ಮನೆಯವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಕನ್ನಡ ಬಾರದವರು ಆ ನೆಲಮಾಳಿಗೆಯಲ್ಲಿ ಒಬ್ಬರೂ ಇರಲಿಲ್ಲ. ಇಷ್ಟು ವರ್ಷ ನಾವೆಲ್ಲ ಪರಸ್ಪರರ ಮೇಲಿನ ಮರ್ಯಾದೆಯಿಂದ, ಯಾರಿಗೂ ಬೇಡದ ಭಾಷೆಯಲ್ಲಿ ಯಾರಿಗೂ ಬೇಡದ ತೀರ್ಮಾನಗಳನ್ನು ಕೈಯೆತ್ತಿ ಒಪ್ಪಿದ್ದೆವು. ಮೊದಲು ಕಾಂತಿಲಾಲರು ನಕ್ಕರು, ಆಮೇಲೆ ಇಡೀ ನೆಲಮಾಳಿಗೆ. ಎಲ್ಲವನ್ನೂ ಪ್ರಶ್ನಿಸುವ ನಾನು ‘ಇಂಗ್ಲಿಷ್ ಯಾರಿಗಾಗಿ?’ ಎಂಬ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಪ್ರಶ್ನಿಸಿದ್ದೆ. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಮೇಲೆ ಅತ್ತಿಗೆಯನ್ನು ಹಿಡಿಯುವವರಿರಲಿಲ್ಲ. “ಹಳೇ ಪಂಚೆ ಹಾಸ್ತೀನಿ, ಕಲ್ಲು ತರಲ್ಲ, ಮೊಳೆ ಹೊಡೆಯಲ್ಲ. ನಿಮ್ಮ ಲೇಪನಕ್ಕೆ ನನ್ನ ಸಂಡಿಗೆ ಏನು ಮಾಡೀತು ಸ್ವಾಮಿ? ಬಿಸಿಲು ಮೇಲೆ ಬಂದು ಕಾಯ್ತಾ ನಿಂತಿದೆ, ನೀವು ಬಾಗಿಲು ಹಾಕ್ಕೊಂಡಿದೀರಿ.”

ಕಾರ್ಯದರ್ಶಿಗಳು ಈ ಸಲ ಕನ್ನಡದಲ್ಲೇ ಉತ್ತರಿಸಿದರು: “ಪರಿಶೀಲಿಸೋಣಮ್ಮ.” ಆದರೆ ‘ಪರಿಶೀಲಿಸೋಣ’ ಎಂಬ ಮಾತು ಯಾವ ಭಾಷೆಯಲ್ಲೂ ಬೀಗ ತೆಗೆಯುವುದಿಲ್ಲ. ಅದಾಗಿ ಎರಡು ವಾರ ಕಳೆದಿದೆ. ಒರಳು ಇನ್ನೂ ಅತ್ತಿಗೆಯ ಹಜಾರದಲ್ಲಿ ಹೊಳೆಯುತ್ತ ಕುಳಿತಿದೆ, ಬಿಸಿಲು ಹದಕ್ಕೆ ಬಂದಿದೆ.

ಆದ್ದರಿಂದ, ಮಾನ್ಯ ಕಾರ್ಯದರ್ಶಿಗಳೇ ಮತ್ತು ಸಮಿತಿಯ ಸದಸ್ಯರೇ, ನಮ್ಮ ಬೇಡಿಕೆ ಇದು. ಬರುವ ಸೋಮವಾರ ಬೆಳಗ್ಗೆ, ಹಿಟ್ಟು ಬೇಯುವ ಮೊದಲು, ತಾರಸಿಯ ಬೀಗದ ಕೈಯನ್ನು ಎರಡನೆಯ ಮಹಡಿಯ ಶಾರದಮ್ಮನವರ ಕೈಯಲ್ಲಿಡಿ. ಮಳೆ ಹಿಡಿಯುವವರೆಗೆ ಅದು ಅವರಲ್ಲೇ ಇರಲಿ. ಬಾಗಿಲ ಮೇಲಿನ ಫಲಕವನ್ನು ಇಳಿಸಿ, ‘ಸಂಡಿಗೆ ಒಣಗುತ್ತಿದೆ, ನೋಡಿ ನಡೆಯಿರಿ’ ಎಂದು ಕನ್ನಡದಲ್ಲಿ ಬರೆಸಿ. ಮತ್ತು ಹೋದ ವರ್ಷದ ನಷ್ಟಕ್ಕೆ ಪರಿಹಾರವಾಗಿ, ಮೊದಲ ದಿನ ಮಧ್ಯಾಹ್ನ ಕಾಗೆ ಕಾಯಲು ತಾವೇ ಬರತಕ್ಕದ್ದು. ಕರಿಯ ಕೊಡೆ ನಾವು ಕೊಡುತ್ತೇವೆ. ಹಸಿ ಸಂಡಿಗೆಯನ್ನು ರುಚಿ ನೋಡಲು ಅತ್ತಿಗೆಯ ಅಡ್ಡಿಯಿಲ್ಲ.